ಕತಾರಿನಲ್ಲಿ ಒಬ್ಬ ಖಾಯಂ ಕಾರ್ಯದರ್ಶಿ

ವಿಮಾನ ನಿಲ್ದಾಣ

ದೋಹಾದಲ್ಲಿ ಇಳಿದವರೆಲ್ಲ ಮೊದಲು ಬಿಸಿಲನ್ನು ಬೈಯುತ್ತಾರಂತೆ. ನನಗೆ ಆ ಭಾಗ್ಯವೂ ಬೇಗ ಸಿಗಲಿಲ್ಲ. ಬಿಸಿಲಿಗೆ ಮುಖ ಒಡ್ಡುವ ಮೊದಲೇ ನಾನು ಕಸ್ಟಮ್ಸ್‌ನವರ ಎದುರು ಪ್ರೆಷರ್ ಕುಕ್ಕರಿನ ರಟ್ಟಿನ ಪೆಟ್ಟಿಗೆ ಬಿಚ್ಚಿಕೊಂಡು ನಿಂತಿದ್ದೆ. ಪೆಟ್ಟಿಗೆಯ ಮೇಲೆ ಕುಕ್ಕರಿನ ಚಿತ್ರ ಇತ್ತು. ಯಂತ್ರದ ಪರದೆಯಲ್ಲಿ ಕುಕ್ಕರ್ ಇರಲಿಲ್ಲ, ಏನೋ ಟೊಳ್ಳಾದದ್ದು ಕಾಣಿಸಿತು. ಅನುಮಾನ ಬಾರದೆ ಇರುತ್ತದೆಯೇ?

ಅಧಿಕಾರಿ ಮುಚ್ಚಳ ತೆಗೆದು ನೋಡಿದರೆ ಒಳಗೆ ಜರಿಯ ಮೈಸೂರು ಪೇಟ, ಅದರ ಕೆಳಗೆ ಮಡಚಿಟ್ಟ ಒಂದು ಶಾಲು. ಇದು ಯಾರಿಗೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ಮುಖ್ಯ ಅತಿಥಿಗೆ ಎಂದೆ. ಆತ ಪೇಟವನ್ನು ಎರಡೂ ಕೈಯಲ್ಲಿ ಎತ್ತಿ ತಿರುಗಿಸಿ ನೋಡಿ, ಪಕ್ಕದವನನ್ನು ಕರೆದ. ಪಕ್ಕದವನು ಅದನ್ನು ತನ್ನ ತಲೆಯ ಹತ್ತಿರ ಹಿಡಿದು ಅಳತೆ ನೋಡಿ, ಸಣ್ಣದಾಯಿತು ಎಂಬಂತೆ ಲೊಚಗುಟ್ಟಿದ. ಆಮೇಲೆ ಇಬ್ಬರೂ ಸೇರಿ, ನಾನು ಕಟ್ಟಿದ್ದಕ್ಕಿಂತ ಚೆನ್ನಾಗಿ ಅದನ್ನು ಮತ್ತೆ ಕಟ್ಟಿಕೊಟ್ಟರು. “ಮಾಫಿ ಮುಶ್ಕಿಲ್” ಎಂದರು. ತೊಂದರೆ ಇಲ್ಲ ಎಂದು ಅರ್ಥವಂತೆ. ನಾನು ಕಲಿತ ಮೊದಲ ಅರಬ್ಬಿ ಮಾತು ಅದು. ಆಮೇಲೆ ಇದ್ದಷ್ಟು ದಿನವೂ ತೊಂದರೆ ಇದ್ದಲ್ಲೂ ಇಲ್ಲದಲ್ಲೂ ಅದನ್ನೇ ಹೇಳಿಕೊಂಡು ತಿರುಗಿದೆ.

ಪೇಟ ಹೊತ್ತುಕೊಂಡು ಬಂದವಳು ಯಾರು ಎಂದು ಹೇಳಬೇಕಲ್ಲ. ನಾನು ವಾರಿಜಾಕ್ಷಿ, ಉಡುಪಿ ತಾಲೂಕು ಕಚೇರಿಯಲ್ಲಿ ಶಿರಸ್ತೇದಾರಳಾಗಿ ನಿವೃತ್ತಿಯಾದವಳು. ನಿವೃತ್ತಿಯ ದಿನ ನನಗೂ ಶಾಲು ಹೊದೆಸಿದ್ದರು. ಒಂದು ಗೋಡೆ ಗಡಿಯಾರವನ್ನೂ ಕೊಟ್ಟಿದ್ದರು, ಇನ್ನು ಗಂಟೆ ನೋಡುವ ಕೆಲಸವೇ ಇಲ್ಲದವಳಿಗೆ. ನನ್ನ ತಂಗಿ ನಳಿನಿ ಮತ್ತು ಅವಳ ಗಂಡ ಜಗದೀಶ ಕತಾರಿನಲ್ಲಿದ್ದಾರೆ. ಬಾ ಬಾ ಎಂದು ವರ್ಷಗಟ್ಟಲೆ ಕರೆದವಳು ಈ ಸಲ ಟಿಕೆಟ್ಟನ್ನೇ ಕಳಿಸಿ, ಜೊತೆಗೆ ಪೇಟವನ್ನೂ ತರಲು ಹೇಳಿದಳು. ಅವರ ಸಂಘದ ಪೇಟವನ್ನು ಹೋದ ವರ್ಷದ ಮುಖ್ಯ ಅತಿಥಿ ಬಿಚ್ಚದೆ ಹಾಗೆಯೇ ವಿಮಾನ ಹತ್ತಿದ್ದರಂತೆ.

ಅಲ್ ರಯ್ಯಾನ್

ತಂಗಿಯ ಮನೆ ಅಲ್ ರಯ್ಯಾನಿನಲ್ಲಿ. ಹೊರಗೆ ಎಲ್ಲ ಮನೆಗಳೂ ಮರಳಿನ ಬಣ್ಣದವು, ಒಳಗೆ ಹೋದರೆ ಪೂರ್ತಿ ಉಡುಪಿ. ಬಾಗಿಲು ತೆಗೆದ ಕೂಡಲೇ ಒಣಮೀನು ಹುರಿದ ಪರಿಮಳ ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ಸಮುದ್ರ ದಾಟಿ ಬಂದ ದುಃಖ ಅರ್ಧ ಅಲ್ಲೇ ಕರಗಿತು.

ಜಗದೀಶ ಲುಸೈಲ್‌ನ ಒಂದು ಕಂಪೆನಿಯಲ್ಲಿ ಆಫೀಸಿನ ಆಡಳಿತ ನೋಡಿಕೊಳ್ಳುತ್ತಾರೆ. ಅದು ಹಗಲಿನ ಕೆಲಸ. ಉಳಿದ ಹೊತ್ತೆಲ್ಲ ಅವರು ನಮ್ಮ ಕರಾವಳಿಯವರ ಸಂಘದ ಕಾರ್ಯದರ್ಶಿ. ಹಾಲ್ ಗೊತ್ತು ಮಾಡುವವರು ಅವರು, ಮೈಕ್ ತರಿಸುವವರು ಅವರು, ಯಕ್ಷಗಾನದ ಭಾಗವತರು ವೀಸಾ ಸಿಗದೆ ಊರಲ್ಲೇ ಉಳಿದರೆ ಬೈಸಿಕೊಳ್ಳುವವರೂ ಅವರು. ಅಧ್ಯಕ್ಷರು ಎರಡೆರಡು ವರ್ಷಕ್ಕೆ ಬದಲಾಗುತ್ತಾರೆ, ಹಾರ ಹಾಕಿಸಿಕೊಳ್ಳುತ್ತಾರೆ, ವೇದಿಕೆಯ ನಡುವಿನ ಎತ್ತರದ ಕುರ್ಚಿಯಲ್ಲಿ ಟರ್ಕಿ ಟವಲಿನ ಮೇಲೆ ಕೂರುತ್ತಾರೆ. ಜಗದೀಶ ಮಾತ್ರ ಬದಲಾಗುವುದಿಲ್ಲ, ಕೂರುವುದೂ ಇಲ್ಲ. ಎಲ್ಲ ಮುಗಿದ ಮೇಲೆ ವಂದನಾರ್ಪಣೆ ಮಾತ್ರ ಅವರದು. ವಂದನಾರ್ಪಣೆ ಎಂದರೆ ಗೊತ್ತಲ್ಲ, ಊಟಕ್ಕೆ ಏಳಿ ಎಂಬ ಗಂಟೆ. ಅವರು ಮೈಕಿನ ಮುಂದೆ ಬಂದು ನಿಂತರೆ ಜನ ಪ್ಲೇಟು ಹುಡುಕಿಕೊಂಡು ಓಡುತ್ತಾರೆ.

ಇದರಿಂದ ನೊಂದವರು ಕಾರ್ಕಳದಲ್ಲಿರುವ ಅವರ ಅಮ್ಮ. ಸುಂದರಿ ಅಮ್ಮ ದೊಡ್ಡ ಮಗನ ಮನೆಯಲ್ಲಿ ಮೊಮ್ಮಕ್ಕಳ ನಡುವೆ ಮಹಾರಾಣಿಯಂತೆ ಇದ್ದಾರೆ. ಪ್ರತಿ ವರ್ಷ ನಳಿನಿ ಫೋನ್ ಹಿಡಿದು ಕಾರ್ಯಕ್ರಮವನ್ನು ನೇರವಾಗಿ ತೋರಿಸುತ್ತಾಳೆ. ಅಕ್ಕಪಕ್ಕದವರನ್ನೆಲ್ಲ ಕೂಡಿಸಿಕೊಂಡು ನೋಡುವ ಅಮ್ಮನಿಗೆ ಮಗ ವೇದಿಕೆಯಲ್ಲಿ ಅತ್ತ ಓಡುವುದು, ಇತ್ತ ಓಡುವುದು ಮಾತ್ರ ಕಾಣುತ್ತದೆ. ಹೋದ ವರ್ಷ ಅವರು ಕೇಳಿದರಂತೆ, “ಮಗಾ, ನಿನ್ನನ್ನು ಅಲ್ಲಿ ಯಾರೂ ಕೂತ್ಕೋ ಅಂತ ಹೇಳುವುದಿಲ್ವಾ?”

ಜಗದೀಶ ಈ ಮಾತನ್ನು ನನಗೆ ನಗುತ್ತಾ ಹೇಳಿದರು. ನಕ್ಕು ಮುಗಿಸಿ ತಟ್ಟೆಯ ಅನ್ನ ಕಲಸತೊಡಗಿದರು. ಈ ಸಲ ಅಧ್ಯಕ್ಷ ಸಂಜೀವಣ್ಣನ ಅವಧಿ ಮುಗಿಯುತ್ತದೆ, ಮುಂದಿನ ಅಧ್ಯಕ್ಷ ನೀನೇ ಎಂದು ಸಂಜೀವಣ್ಣ ಮಾತು ಕೊಟ್ಟಿದ್ದಾರೆ. ಕಾರ್ಯಕ್ರಮದ ಕೊನೆಯಲ್ಲಿ ಹಳೆ ಅಧ್ಯಕ್ಷ ಎದ್ದು ಹೊಸಬರನ್ನು ಆ ನಡುವಿನ ಕುರ್ಚಿಯಲ್ಲಿ ಕೂರಿಸುವುದು ಸಂಘದ ಪದ್ಧತಿ. ಅಮ್ಮನಿಗೆ ಆಗಲೇ ಹೇಳಿಯಾಗಿತ್ತು. ಅಮ್ಮ ಇಡೀ ಬೀದಿಗೆ ಹೇಳಿಯಾಗಿತ್ತು.

“ಈ ಸಲ ಇವರು ಕೂತ್ಕೊಳ್ಳದಿದ್ರೆ ಆ ಸಂಘ ಖಲಾಸ್,” ಎಂದಳು ನಳಿನಿ, ಮೀನು ಬಡಿಸುತ್ತಾ. “ನಾನು ಮತ್ತೆ ಅಲ್ಲಿಗೆ ಕಾಲಿಡುವುದಿಲ್ಲ.”

ನನಗೂ ಒಂದು ಕೆಲಸ ಹಚ್ಚಿದರು. ಬರಬೇಕಾಗಿದ್ದ ಸಿನಿಮಾ ನಟ ಕೈಕೊಟ್ಟಿದ್ದನಂತೆ. ಜಗದೀಶರ ಆಫೀಸಿನಲ್ಲಿ ಸಲಹೆಗಾರರಾಗಿರುವ ಇಂಗ್ಲೆಂಡಿನ ನಿವೃತ್ತ ದೊಡ್ಡ ಅಧಿಕಾರಿಯೊಬ್ಬರು ಮುಖ್ಯ ಅತಿಥಿಯಾಗಲು ಒಪ್ಪಿದ್ದರು. ಹೆಸರು ಸರ್ ಲೆನಾರ್ಡ್. ಅವರ ಪರಿಚಯ ಭಾಷಣ ಕನ್ನಡದಲ್ಲಿ ಆಗಬೇಕು. ತಾಲೂಕು ಆಫೀಸಿನಲ್ಲಿ ಇದ್ದವರಿಗಿಂತ ಇನ್ನೊಬ್ಬ ಆಫೀಸರನ ಮರ್ಯಾದೆ ಗೊತ್ತಿದ್ದವರು ಯಾರು ಎಂದು ಜಗದೀಶ ಉಬ್ಬಿಸಿದರು. ನಾನು ಉಬ್ಬಿದೆ.

ಆದರೆ ಆ ಹೆಸರು ಹೇಳಿದಾಗಲೆಲ್ಲ ಸಂಘದವರು ಕೇಳುತ್ತಿದ್ದದ್ದು ಒಂದೇ: ಯಾವ ಲೆನಾರ್ಡ್, ಬಜ್ಪೆಯವರಾ? ನಮ್ಮ ಮಂಗಳೂರಿನ ಕಡೆ ಪ್ರತಿ ಇಗರ್ಜಿಗೊಬ್ಬ ಲೆನಾರ್ಡ್ ಇರುತ್ತಾರೆ, ಪ್ರತಿ ಹೈಸ್ಕೂಲಿಗೊಬ್ಬ ಲೆನಾರ್ಡ್ ಸರ್ ಇರುತ್ತಾರೆ, ಅವರು ಗಣಿತ ಕಲಿಸಿ ಕಿವಿ ಹಿಂಡಿರುತ್ತಾರೆ. ಬ್ಯಾನರ್ ಬರೆಸಿದವರಿಗೂ ಅದೇ ಅಭ್ಯಾಸ. “ಶ್ರೀ ಲೆನಾರ್ಡ್ ಸರ್” ಎಂದು ಅಚ್ಚಾಗಿ ಬಂತು.

ಲುಸೈಲ್

ಮಾಹಿತಿ ಇಲ್ಲದೆ ಪರಿಚಯ ಬರೆಯುವುದು ಹೇಗೆ? ಜಗದೀಶ ನನ್ನನ್ನು ಲುಸೈಲ್‌ಗೆ ಕರೆದುಕೊಂಡು ಹೋದರು. ಊರೆಲ್ಲ ಗಾಜು. ಯಾವುದು ಗೋಡೆ, ಯಾವುದು ಬಾಗಿಲು ಎಂದು ತಿಳಿಯದೆ ನಾನು ಒಂದು ಗೋಡೆಗೆ ಹಣೆ ಕೊಟ್ಟೆ. ಕಾವಲಿನವನು ಓಡಿ ಬಂದು ಸಾರಿ ಕೇಳಿದ, ಗೋಡೆಯ ಪರವಾಗಿ.

ಆಫೀಸಿನಲ್ಲಿ ಚಳಿ ಇರುತ್ತದೆ, ಎಂತಾದರೂ ಹೊದ್ದುಕೋ ಎಂದು ನಳಿನಿ ಹೇಳಿದ್ದಳು. ನನ್ನ ಕೈಗೆ ಸಿಕ್ಕಿದ್ದು ಕುಕ್ಕರ್ ಪೆಟ್ಟಿಗೆಯಲ್ಲಿದ್ದ ಸನ್ಮಾನದ ಶಾಲು. ಹೀಗೆ ಅತಿಥಿಗೆ ಹೊದೆಸಬೇಕಾದ ಶಾಲನ್ನು ನಾನೇ ಹೊದ್ದುಕೊಂಡು ಅತಿಥಿಯ ಎದುರು ಹೋಗಿ ಕೂತೆ. ಅವರು ಎದ್ದು ನಿಂತು ಸ್ವಾಗತಿಸಿ, ಶಾಲು ಬಹಳ ಚೆನ್ನಾಗಿದೆ ಎಂದರು. ನಾನು ಮಾಫಿ ಮುಶ್ಕಿಲ್ ಎಂದೆ.

ಸರ್ ಲೆನಾರ್ಡ್ ಉದ್ದಕ್ಕೆ, ಬಾಗಿಕೊಂಡೇ ಇರುವ ಮನುಷ್ಯ. ಜೀವಮಾನ ಪೂರ್ತಿ ಇನ್ನೊಬ್ಬರ ಕಿವಿಗೆ ಬಗ್ಗಿ ಮಾತಾಡಿದ್ದರಿಂದ ಹಾಗಾಯಿತು ಎಂದು ಅವರೇ ಹೇಳಿದರು. ನನ್ನ ಇಂಗ್ಲಿಷ್ ತಾಲೂಕು ಕಚೇರಿಯದು, ಅವರದು ಅರಮನೆಯದು. ಆದರೂ ಇಬ್ಬರೂ ಫೈಲಿನ ನಡುವೆ ಬಾಳಿದವರಾದ್ದರಿಂದ ಮಾತು ಸರಾಗವಾಗಿ ಹರಿಯಿತು. ಅವರು ಕೆಲಸಕ್ಕೆ ಸೇರಿದ್ದು ಮೀನುಗಾರಿಕೆ ಇಲಾಖೆಗೆ. ನಮ್ಮ ಮನೆ ಮಲ್ಪೆ ಬಂದರಿನ ಹತ್ತಿರ ಎಂದೆ. ಆಮೇಲೆ ಅರ್ಧ ಗಂಟೆ ಇಬ್ಬರೂ ಬಲೆಯ ಕಣ್ಣು ಎಷ್ಟು ಸಣ್ಣ ಇರಬೇಕು ಎಂಬ ವಿಷಯದಲ್ಲಿ ಜಗಳವಾಡಿದೆವು. ಪರಿಚಯ ಬರೆಯುವುದನ್ನು ಮರೆತೇಬಿಟ್ಟಿದ್ದೆ.

ಮೀನಿನಿಂದ ರಸ್ತೆಗೆ, ರಸ್ತೆಯಿಂದ ಪಿಂಚಣಿಗೆ, ಹೀಗೆ ಇಲಾಖೆಯಿಂದ ಇಲಾಖೆಗೆ ಏರಿ ಕೊನೆಗೆ ಒಂದು ಇಡೀ ಮಂತ್ರಾಲಯದ ತುದಿಗೆ ಬಂದರಂತೆ. ಆ ಹುದ್ದೆಯ ಹೆಸರು ಪರ್ಮನೆಂಟ್ ಸೆಕ್ರೆಟರಿ. ಮಂತ್ರಿಗಳು ಬರುತ್ತಾರೆ, ಹೋಗುತ್ತಾರೆ, ಆತ ಇರುತ್ತಾನೆ. ನನಗೆ ರೋಮಾಂಚನವಾಯಿತು. ಪರ್ಮನೆಂಟ್ ಎಂಬ ಮಾತಿಗೆ ನಮ್ಮಲ್ಲಿ ಎಂಥ ಬೆಲೆ! ಹುಡುಗನ ಸಂಬಂಧ ಬಂದರೆ ಜಾತಕಕ್ಕಿಂತ ಮೊದಲು ಕೇಳುವುದು ಕೆಲಸ ಪರ್ಮನೆಂಟಾ ಎಂದು. ನಾನೇ ಯೌವನದ ಒಳ್ಳೆಯ ವರ್ಷಗಳನ್ನು ದಿನಗೂಲಿ ನೌಕರಳಾಗಿ ಕಳೆದು, ಖಾಯಂ ಆದ ದಿನ ಕೃಷ್ಣಮಠದ ಎದುರು ನಿಂತು ಅತ್ತವಳು. ಇವರಿಗೆ ಹುದ್ದೆಯ ಹೆಸರಿನಲ್ಲೇ ಪರ್ಮನೆಂಟ್ ಸೇರಿಸಿ ಕೊಟ್ಟಿದ್ದಾರೆ. ಖಾಯಂ ಕಾರ್ಯದರ್ಶಿ ಎಂದು ನಾನು ಹೆಮ್ಮೆಯಿಂದ ಬರೆದುಕೊಂಡೆ.

ಇನ್ನು ಬಿರುದಿನ ಮಾತು. ಅವರಿಗೆ ಬಂದದ್ದು ಆರ್ಡರ್ ಆಫ್ ದ ಬಾತ್ ಎಂಬ ಗೌರವ. ಬಾತ್ ಎಂದರೆ ಸ್ನಾನವೇ ಹೌದಾ ಎಂದು ಸಂಕೋಚದಿಂದ ಕೇಳಿದೆ. ಹೌದಂತೆ. ಹಿಂದಿನ ಕಾಲದಲ್ಲಿ ವೀರರಿಗೆ ಬಿರುದು ಕೊಡುವ ಮೊದಲು ಮೀಯಿಸುತ್ತಿದ್ದರಂತೆ. ನಮ್ಮಲ್ಲಿ ಮದುಮಗನಿಗೆ ಎಣ್ಣೆ ಹಚ್ಚಿ ಮೀಯಿಸುವುದನ್ನು ನಾನು ವಿವರಿಸಿದೆ. ನಿಮ್ಮನ್ನೂ ಮೀಯಿಸಿದರಾ ಎಂದು ಕೇಳಿದರೆ, ಇಲ್ಲ, ಮನೆಯಿಂದ ಮಿಂದುಕೊಂಡೇ ಹೋಗಿದ್ದೆ ಎಂದರು. ಭುಜಕ್ಕೆ ಕತ್ತಿ ತಾಗಿಸಿದ ಮೇಲೆ ಅವರು ಸರ್ ಆದರು. ಸರ್ ಎನ್ನುವುದು ಹೆಸರಿನ ಮೊದಲು ಬರಬೇಕು, ಹೆಸರಾದ ಮೇಲೆ ಬಂದರೆ ಬೆಲೆ ಇಲ್ಲ. ಹಾಗೆ ಮೊದಲಿಗೆ ಬರಲು ಮೂವತ್ತು ಚಿಲ್ಲರೆ ವರ್ಷ ದುಡಿಯಬೇಕಾಯಿತಂತೆ. ನಮ್ಮಲ್ಲಿ ಬಸ್ ಕಂಡಕ್ಟರಿಗೂ ಸರ್, ಗ್ಯಾಸ್ ತರುವವನಿಗೂ ಸರ್ ಎಂದು ನಾನು ಹೇಳಲಿಲ್ಲ. ಬ್ಯಾನರಿನ ಸಂಗತಿಯನ್ನಂತೂ ಬಾಯಿಬಿಡಲಿಲ್ಲ.

ಇಷ್ಟೆಲ್ಲ ಗೌರವ ಯಾವ ಕೆಲಸಕ್ಕೆ ಬಂತು ಎಂದು ಕೇಳಿದೆ. “ಆಗಬಾರದ್ದು ಆಗದಂತೆ ನೋಡಿಕೊಂಡೆ ಎಂದು ಕಾಣುತ್ತದೆ,” ಎಂದರು. “ಆಗದೆ ಇದ್ದದ್ದರ ಫೋಟೋ ಯಾರೂ ತೆಗೆಯುವುದಿಲ್ಲ ನೋಡಿ.”

ಫೋಟೋ ಎಂದಾಗ ನೆನಪಾಗಿ ತಮ್ಮ ಮೊಬೈಲಿನಲ್ಲಿ ಒಂದು ಹಳೆಯ ಪತ್ರಿಕೆಯ ಚಿತ್ರ ತೋರಿಸಿದರು. ಮಧ್ಯದಲ್ಲಿ ಯಾರೋ ಮಂತ್ರಿ ಕೂತು ನಗುತ್ತಿದ್ದಾರೆ. ಅವರ ಹೆಗಲಿನ ಹಿಂದೆ ಯಾರದೋ ಒಂದು ಕಿವಿ ಮಾತ್ರ ಕಾಣುತ್ತದೆ. ಕಿವಿಯ ಸುತ್ತ ಪೆನ್ಸಿಲಿನಲ್ಲಿ ಗುಂಡಗೆ ಗೆರೆ ಎಳೆದಿದೆ. ಆ ಕಿವಿ ಇವರದ್ದು. ಗೆರೆ ಎಳೆದವರು ಇವರ ತಾಯಿ. ಬಂದವರಿಗೆಲ್ಲ ಇದು ನನ್ನ ಮಗ ಎಂದು ಆ ಕಿವಿಯನ್ನು ತೋರಿಸುತ್ತಿದ್ದರಂತೆ.

ನಾನು ಜೋರಾಗಿ ನಕ್ಕುಬಿಟ್ಟೆ. ಅದೇ ಹೊತ್ತಿಗೆ ಕೈಯಲ್ಲಿದ್ದ, ಇಲ್ಲಿಯವರು ಕರಕ್ ಎನ್ನುವ ಗಟ್ಟಿ ಹಾಲಿನ ಚಹಾ ತುಳುಕಿ ಸನ್ಮಾನದ ಶಾಲಿನ ಮೇಲೆ ಬಿತ್ತು.

ಸೂಕ್ ವಾಕಿಫ್

ಕರಕ್ ಚಹಾದ ಕಲೆ ಹೋಗುವುದಿಲ್ಲ. ನಳಿನಿ ಮೂರು ಬಗೆಯ ಸಾಬೂನು ಹಾಕಿ ತಿಕ್ಕಿ, ಕೊನೆಗೆ ನನ್ನನ್ನು ಎರಡು ಮಾತು ಬೈದು, ಸೂಕ್ ವಾಕಿಫಿಗೆ ಎಳೆದುಕೊಂಡು ಹೋದಳು.

ಸೂಕ್ ಎಂದರೆ ಸಂತೆ. ನಮ್ಮ ಸಂತೆಯಲ್ಲಿ ಹಸು ಇದ್ದಂತೆ ಇಲ್ಲಿ ಗಿಡುಗಗಳಿವೆ. ಒಂದು ಅಂಗಡಿಯಲ್ಲಿ ಸಾಲಾಗಿ ಕೂರಿಸಿದ್ದರು, ಎಲ್ಲದರ ತಲೆಗೂ ಚರ್ಮದ ಟೋಪಿ, ಕಣ್ಣು ಮುಚ್ಚಿದೆ, ಮುಖದಲ್ಲಿ ಮಹಾ ಗಾಂಭೀರ್ಯ. ಉದ್ದದ ಭಾಷಣ ಕೇಳುತ್ತಿರುವ ವೇದಿಕೆಯ ಗಣ್ಯರು ಹೀಗೆಯೇ ಕೂತಿರುತ್ತಾರೆ ಎಂದೆ. ನಳಿನಿ ನಗು ತಡೆಯಲಾರದೆ ಅಂಗಡಿಯಿಂದ ಹೊರಗೆ ಓಡಿದಳು.

ಸೂಕಿನಲ್ಲಿ ಸಾಮಾನು ಹೊರಲು ಒಂಟಿಗಾಲಿ ತಳ್ಳುಗಾಡಿಯ ಮುದುಕರಿದ್ದಾರೆ. ನಮ್ಮ ಹಣ್ಣಿನ ಬುಟ್ಟಿಯನ್ನು ಒಬ್ಬರ ಗಾಡಿಗೆ ಹಾಕಿದೆವು. ಅವರು ಜನರ ನಡುವೆ ಎಂಥ ವೇಗದಲ್ಲಿ ಹೋದರೆಂದರೆ, ನಾವಿಬ್ಬರೂ ಸೀರೆ ಎತ್ತಿಕೊಂಡು ಸ್ವಂತ ಹಣ್ಣಿನ ಹಿಂದೆ ಕಳ್ಳರಂತೆ ಓಡಬೇಕಾಯಿತು. ಶಾಲು ಸಿಕ್ಕಿದ್ದು ಕಣ್ಣೂರಿನವರೊಬ್ಬರ ಅಂಗಡಿಯಲ್ಲಿ. ನಾನು ಹಿಂದಿಯಲ್ಲಿ ಚೌಕಾಸಿ ಮಾಡಿದೆ, ಅವರು ಮಲಯಾಳದಲ್ಲಿ ಆಗುವುದಿಲ್ಲ ಎಂದರು. ಕೆಂಪು ಅಂಚಿನ ಒಳ್ಳೆ ಉಣ್ಣೆಯ ಶಾಲು. ಒಳಮೈಯಲ್ಲಿ ಏನೋ ಸಣ್ಣ ಚೀಟಿ ಹೊಲಿದಿತ್ತು. ನನ್ನ ಕನ್ನಡಕ ಮನೆಯಲ್ಲಿತ್ತು, ಓದುವ ಗೋಜಿಗೆ ಹೋಗಲಿಲ್ಲ.

ಶುಕ್ರವಾರ

ಶುಕ್ರವಾರ ರಜೆ. ಒಂದು ಶಾಲೆಯ ಹಾಲ್ ತುಂಬಾ ನಮ್ಮವರು. ಮಲ್ಲಿಗೆ ಊರಿಂದ ಬೆಳಗಿನ ವಿಮಾನದಲ್ಲಿ ಬಂದಿತ್ತು, ನನಗಿಂತ ಕಡಿಮೆ ತನಿಖೆಯಲ್ಲಿ. ವೇದಿಕೆಯ ನಡುವೆ ಆ ಎತ್ತರದ ಕುರ್ಚಿ, ಅದರ ಮೇಲೆ ನೀಲಿ ಟರ್ಕಿ ಟವಲು. ಸಂಜೀವಣ್ಣ ಅದರಲ್ಲಿ ಕೂತಿದ್ದರು. ಅವರಿಗೆ ಇಲ್ಲಿ ಮರಗೆಲಸದ ದೊಡ್ಡ ವರ್ಕ್‌ಶಾಪ್ ಉಂಟು. ಆ ಕುರ್ಚಿಯನ್ನೂ ಅವರೇ ಮಾಡಿಸಿ ಕೊಟ್ಟದ್ದಂತೆ. ಬಲಗಡೆಗೆ ಸರ್ ಲೆನಾರ್ಡ್. ನಳಿನಿ ಮುಂದಿನ ಸಾಲಿನಲ್ಲಿ ಗಂಡ ಓಡಾಡುವ ಕಡೆಗೇ ಫೋನ್ ಎತ್ತಿ ಹಿಡಿದಿದ್ದಳು. ಪರದೆಯಲ್ಲಿ ಸುಂದರಿ ಅಮ್ಮ ಹೊಸ ಸೀರೆ ಉಟ್ಟು ಕೂತಿದ್ದರು; ಸಭೆಯ ಗದ್ದಲದಲ್ಲಿ ಅವರಿಗೆ ಮಾತೊಂದೂ ಕೇಳಿಸುತ್ತಿರಲಿಲ್ಲ, ಚಿತ್ರ ಮಾತ್ರ.

ಮೊದಲು ಸನ್ಮಾನ. ಕಸ್ಟಮ್ಸ್‌ನವನ ಅಳತೆ ಸರಿಯಾಗಿತ್ತು, ಪೇಟ ಸಣ್ಣದೇ. ಸರ್ ಲೆನಾರ್ಡರ ತಲೆಯ ಮೇಲೆ ಅದು ತಟ್ಟೆಯಲ್ಲಿ ಇಟ್ಟ ಇಡ್ಲಿಯ ಹಾಗೆ ಕೂತಿತು. ಶಾಲು ಹೊದೆಸಿದಾಗ ಅವರು ಮೆಲ್ಲಗೆ ಅಂಚು ತಿರುಗಿಸಿ ಆ ಚೀಟಿ ಓದಿ, ಪಕ್ಕದಲ್ಲಿ ನಿಂತಿದ್ದ ನನ್ನ ಕಡೆ ಬಾಗಿದರು. ಶಾಲು ತಯಾರಾದದ್ದು ಇಂಗ್ಲೆಂಡಿನಲ್ಲಿ, ಅವರು ಹುಟ್ಟಿದ ಊರಿನ ಪಕ್ಕದ ಗಿರಣಿಯಲ್ಲಂತೆ. ನನಗೆ ನಿಮ್ಮ ಚಹಾದ ಶಾಲೇ ಇಷ್ಟವಾಗಿತ್ತು ಎಂದೂ ಹೇಳಿದರು.

ಆಮೇಲೆ ನನ್ನ ಭಾಷಣ. ನಿವೃತ್ತಿಯಾದ ಮೇಲೆ ಮೈಕ್ ಸಿಕ್ಕಿದ್ದು ಅದೇ ಮೊದಲು. ನಾನು ಮೀನಿನಿಂದ ಶುರುಮಾಡಿ, ಸ್ನಾನದ ಬಿರುದಿಗೆ ಬಂದು, ಜನರನ್ನು ನಗಿಸಿ, ಸ್ವರ ಏರಿಸಿದೆ. “ಮಂತ್ರಿಗಳು ಬಂದರು, ಮಂತ್ರಿಗಳು ಹೋದರು. ಇವರು ಮಾತ್ರ ಖಾಯಂ ಕಾರ್ಯದರ್ಶಿಯಾಗಿ ಉಳಿದರು. ಕುರ್ಚಿಯಲ್ಲಿ ಕೂತವರಿಗೆ ಹೆಸರು, ಹಿಂದೆ ಕೂತ ಇವರಿಗೆ ಕೆಲಸ. ಎಂಥ ಭಾಗ್ಯ, ಖಾಯಂ ಕಾರ್ಯದರ್ಶಿ!”

ಚಪ್ಪಾಳೆಯೋ ಚಪ್ಪಾಳೆ. ಯಾರೋ ಹಿಂದಿನಿಂದ ಜಗದೀಶಣ್ಣ ಎಂದು ಕೂಗಿದರು. ಇಡೀ ಹಾಲ್ ನಕ್ಕಿತು. ವೇದಿಕೆಯ ಮೂಲೆಯಲ್ಲಿ ಮೈಕಿನ ವಯರ್ ಸರಿಮಾಡುತ್ತಿದ್ದ ಜಗದೀಶರೂ ನಕ್ಕರು. ನಾನು ಗೆದ್ದೆ ಎಂದುಕೊಂಡು ಕೆಳಗಿಳಿದೆ. ಸಂಜೀವಣ್ಣ ಕುರ್ಚಿಯ ಕೈಯನ್ನು ಮೆಲ್ಲಗೆ ಸವರುತ್ತಿದ್ದದ್ದು ಆಗ ಕಂಡಿತ್ತು, ಅರ್ಥವಾಗಲಿಲ್ಲ.

ಅರ್ಥವಾದದ್ದು ಅವರು ಅಧ್ಯಕ್ಷ ಭಾಷಣಕ್ಕೆ ಎದ್ದಾಗ.

“ನಮ್ಮ ವಾರಿಜಕ್ಕ ಒಳ್ಳೆ ಮಾತು ಹೇಳಿದ್ರು. ಇಂಗ್ಲೆಂಡಿನಲ್ಲಿ ಮಂತ್ರಿ ಬದಲಾಗ್ತಾರೆ, ಸೆಕ್ರೆಟರಿ ಬದಲಾಗುವುದಿಲ್ಲ. ಅದಕ್ಕೇ ಆ ದೇಶ ನಡೀತಾ ಉಂಟು. ನಮ್ಮಲ್ಲಿ ಅಂಥವರು ಯಾರು? ಜಗದೀಶಣ್ಣ. ಅವರನ್ನು ಅಧ್ಯಕ್ಷ ಮಾಡಿದ್ರೆ ಎರಡು ವರ್ಷದಲ್ಲಿ ಮಾಜಿ ಮಾಡಿದ ಹಾಗೆ ಆಗ್ತದೆ. ನಾವು ಅವರನ್ನು ಕಳ್ಕೊಳ್ಳಲಿಕ್ಕೆ ತಯಾರಿಲ್ಲ. ಇವತ್ತಿನಿಂದ ಅವರು ನಮ್ಮ ಸಂಘದ ಖಾಯಂ ಕಾರ್ಯದರ್ಶಿ. ಒಪ್ಪಿಗೆ ಇದ್ದವರು ಚಪ್ಪಾಳೆ ತಟ್ಟಿ. ಇನ್ನು ಅಧ್ಯಕ್ಷರ ವಿಷಯ, ಅದಕ್ಕೆಂತ ಅರ್ಜೆಂಟ್, ಸದ್ಯಕ್ಕೆ ನಾನೇ ನೋಡಿಕೊಳ್ತೇನೆ.”

ಜನ ಚಪ್ಪಾಳೆ ತಟ್ಟಿದರು. ಅವರಿಗೆ ಜಗದೀಶರ ಮೇಲೆ ನಿಜವಾಗಿಯೂ ಪ್ರೀತಿ. ಆ ಪ್ರೀತಿಯಿಂದಲೇ ಕೈ ನೋಯುವಷ್ಟು ತಟ್ಟಿದರು. ಮಾತು ಅರ್ಥವಾಗದ ಸರ್ ಲೆನಾರ್ಡರೂ ಪೇಟ ಕುಣಿಸುತ್ತಾ ತಟ್ಟಿದರು. ಜಗದೀಶ ಕೈಮುಗಿದು ನಕ್ಕರು. ಆ ನಗುವನ್ನು ನಾನು ತಾಲೂಕು ಕಚೇರಿಯಲ್ಲಿ ನೋಡಿದ್ದೇನೆ. ನಿಮ್ಮ ಅರ್ಜಿ ತಿರಸ್ಕಾರವಾಗಿದೆ ಎಂದಾಗ ಮರ್ಯಾದಸ್ಥರು ಹಾಗೆ ನಗುತ್ತಾರೆ.

ನಳಿನಿ ಫೋನನ್ನು ಪಟ್ಟನೆ ಕೆಳಗಿಳಿಸಿ ಕರೆ ಕತ್ತರಿಸಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮುಖ್ಯ ಕಾರ್ಯದರ್ಶಿ ಎಂದಿದ್ದರೆ ಸಾಕಿತ್ತು. ಹಿರಿಯ ಕಾರ್ಯದರ್ಶಿ ಎಂದರೂ ನಡೆಯುತ್ತಿತ್ತು. ನನಗೆ ಪ್ರಿಯವಾದ ಮಾತು ಎಂದು ಆ ಖಾಯಂ ಎಂಬುದನ್ನೇ ಎತ್ತಿಕೊಂಡು ಹೋಗಿ ತಂಗಿಯ ಗಂಡನ ತಲೆಯ ಮೇಲೆ ಹಾಕಿದೆನಲ್ಲ!

ವಂದನಾರ್ಪಣೆ

ಜಗದೀಶ ಮೈಕಿಗೆ ಬಂದರು. ಜನ ಎದ್ದರು. ಪಕ್ಕದ ಕೋಣೆಯಿಂದ ಕೋರಿರೊಟ್ಟಿಯ ಕೋಳಿ ಸಾರಿನ ಘಮ ಬರುತ್ತಿತ್ತು. ಸಂಜೀವಣ್ಣನೇ ಎಲ್ಲರಿಗಿಂತ ಮೊದಲು ಹೊರಟರು. ಹಾಲ್ ಕೊಟ್ಟವರಿಗೆ, ಮೈಕ್ ಕೊಟ್ಟವರಿಗೆ, ಮಲ್ಲಿಗೆ ತಂದವರಿಗೆ ಎಂದು ಜಗದೀಶ ಒಬ್ಬರನ್ನೂ ಬಿಡದೆ ವಂದಿಸುತ್ತಾ ಹೋದರು. ಕೇಳಿದವರು ನಾನು, ನಳಿನಿ, ಮತ್ತು ಸರ್ ಲೆನಾರ್ಡ್. ಸಭೆ ಪೂರ್ತಿ ಮುಗಿಯುವ ಮೊದಲು ಏಳುವುದು ಅವರಿಗೆ ಅಭ್ಯಾಸವಿಲ್ಲವಂತೆ.

ಎಲ್ಲ ಮುಗಿದಾಗ ಹಾಲ್ ಖಾಲಿ. ಸರ್ ಲೆನಾರ್ಡ್ ನನ್ನ ಮುಖ ನೋಡಿ ಏನಾಯಿತು ಎಂದು ಕೇಳಿದರು. ನಾನು ಹೇಳಿದೆ. ಖಾಯಂ ಎಂಬಲ್ಲಿಗೆ ಬಂದಾಗ ಅವರು ನಕ್ಕರು, ನಾನೂ ಅಳುವುದು ಬಿಟ್ಟು ನಕ್ಕೆ. ಕಾರ್ಕಳದ ಅಮ್ಮನ ಮಾತು ಬಂದಾಗ ಅವರ ನಗು ನಿಂತಿತು. ಕುರ್ಚಿಯಲ್ಲಿ ಮಗನನ್ನು ನೋಡಬೇಕು ಎಂದಿದ್ದರಾ ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು.

ಅಷ್ಟರಲ್ಲಿ ನಳಿನಿಯ ಫೋನ್ ಬಡಿದುಕೊಂಡಿತು. ಅಮ್ಮನದ್ದೇ ವೀಡಿಯೊ ಕರೆ. ನಳಿನಿ ಗಂಡನ ಮುಖ ನೋಡಿದಳು. ಜಗದೀಶ ಬೇಡ ಎಂದು ತಲೆಯಾಡಿಸಿದರು. ಎಂತ ಹೇಳುವುದು ಅಕ್ಕ, ಅಮ್ಮನಿಗೆ ಎಂತ ಹೇಳುವುದು ಎಂದು ನನ್ನನ್ನು ಕೇಳಿದರು.

ಸರ್ ಲೆನಾರ್ಡ್ ಎದ್ದರು. ಆ ಎತ್ತರದ ಕುರ್ಚಿಯ ಟವಲನ್ನು ಕೊಡವಿ ಸರಿಯಾಗಿ ಹಾಸಿದರು. ಸಂಜೀವಣ್ಣ ಬಿಟ್ಟುಹೋಗಿದ್ದ ಗುಲಾಬಿ ಹಾರವನ್ನು ಎತ್ತಿ ಜಗದೀಶರ ಕೊರಳಿಗೆ ಹಾಕಿದರು. ಆಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ದೊಡ್ಡ ಕುರ್ಚಿಯ ಹಿಂದೆ, ಸ್ವಲ್ಪ ಎಡಕ್ಕೆ ಇಟ್ಟುಕೊಂಡರು. ಆ ಜಾಗ ಅವರಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ ಹಿಂದೆ ತಿರುಗಿ ನೋಡದೆ ಕೂತರು.

“ಪ್ರೆಸಿಡೆಂಟ್, ಪ್ಲೀಸ್,” ಎಂದರು.

ಜಗದೀಶ ಅಲುಗಲಿಲ್ಲ. ಬೇಡ ಸರ್, ಸುಳ್ಳಾಗ್ತದೆ ಎಂದರು. ಸುಳ್ಳಲ್ಲ, ಸಭೆ ಖಾಲಿ ಇರುವಾಗ ಆ ಕುರ್ಚಿ ಕೆಲಸ ನಡೆಸುವವನದ್ದೇ, ನನ್ನ ಸೇವೆಯಲ್ಲಿ ನಾನು ಕಂಡದ್ದು ಇದೊಂದೇ ಎಂದರು ಸರ್ ಲೆನಾರ್ಡ್. ಫೋನ್ ಬಡಿದುಕೊಳ್ಳುತ್ತಲೇ ಇತ್ತು. “ಯಲ್ಲಾ, ಬೇಗ ಕೂತ್ಕೊಳ್ಳಿ ಮಾರಾಯ್ರೆ,” ಎಂದು ನಳಿನಿ ಗದರಿದಳು. ಜಗದೀಶ ಕೂತರು. ಮೊದಲು ಅಂಚಿನಲ್ಲಿ, ಆಮೇಲೆ ಬೆನ್ನು ತಾಗಿಸಿ. ಕಣ್ಣು ಮುಚ್ಚಿಕೊಂಡರು.

ನಳಿನಿ ಕರೆ ಎತ್ತಿ ಫೋನ್ ಮುಂದೆ ಹಿಡಿದಳು. ಕಾರ್ಕಳದ ಜಗಲಿ ತುಂಬಾ ಜನ. ಸುಂದರಿ ಅಮ್ಮ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ತುಳುವಿನಲ್ಲಿ ಕೇಳಿದರು, ಜನ ಎಲ್ಲ ಎಲ್ಲಿಗೆ ಹೋದರು ಎಂದು. ಊಟಕ್ಕೆ ಎಂದೆ ನಾನು. ಹೌದಪ್ಪ, ಹಸಿವು ಎಲ್ಲರಿಗೂ ಉಂಟು ಎಂದು ಒಪ್ಪಿಕೊಂಡರು.

ಆ ಹೊತ್ತಿಗೆ ಸರ್ ಲೆನಾರ್ಡ್ ಮುಂದಕ್ಕೆ ಬಾಗಿ, ಸಣ್ಣ ಪೇಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಜಗದೀಶರ ಕಿವಿಯಲ್ಲಿ ಏನೋ ಉಸುರಿದರು. ನೇರ ನೋಡಿ, ತಾಯಂದಿರು ಕಿವಿಯಿಂದಲೂ ಗುರುತು ಹಿಡಿಯುತ್ತಾರೆ ಎಂದರಂತೆ. ಜಗದೀಶ ನೇರ ನೋಡಿದರು.

“ಹಿಂದೆ ಪೇಟ ಕಟ್ಟಿದವ ಯಾರು ಮಗಾ?” ಎಂದರು ಅಮ್ಮ. “ನಿನ್ನ ಸೆಕ್ರೆಟರಿಯಾ?”

ಜಗದೀಶ ಬಾಯಿ ತೆರೆಯುವ ಮೊದಲೇ ನಾನು ಹೌದಮ್ಮ ಎಂದೆ.

“ಪರ್ಮನೆಂಟಾ?”

ಆ ಒಂದು ಮಾತು ಸರ್ ಲೆನಾರ್ಡರಿಗೆ ಭಾಷಾಂತರವಿಲ್ಲದೆ ಅರ್ಥವಾಯಿತು. ಅವರು ಪೇಟ ಸರಿಮಾಡಿಕೊಂಡು, ಫೋನಿನ ಕಡೆ ತಲೆ ಬಗ್ಗಿಸಿ, ಬಹಳ ವಿನಯದಿಂದ, “ನೋ ಮೇಡಮ್. ಟೆಂಪರರಿ,” ಎಂದರು.

“ಪಾಪ,” ಎಂದರು ಸುಂದರಿ ಅಮ್ಮ. “ವಯಸ್ಸೂ ಆಗಿದೆ ಅವರಿಗೆ. ಈಗ ನಿನ್ನ ಕೈಯಲ್ಲಿ ಉಂಟಲ್ಲ ಮಗಾ, ಖಾಯಂ ಮಾಡಿಸು.”

ಜಗದೀಶ ಕುರ್ಚಿಯ ಎರಡೂ ಕೈಗಳ ಮೇಲೆ ಕೈಯಿಟ್ಟು, ದೊಡ್ಡ ಅಧಿಕಾರಿಗಳು ಹೇಳುವ ಹಾಗೆಯೇ ಹೇಳಿದರು, “ಆಯ್ತಮ್ಮ, ನೋಡುವ.”